ವಾಗ್ನರ್ ಚಿತ್ರದಲ್ಲಿ ವಾಗ್ನರ್ ಸಂಗೀತವೇ ಇಲ್ಲವಾ?

ಪ್ರಶ್ನೆ: ಸರ್, ಸಂಗೀತಗಾರ ರಿಚರ್ಡ್ ವಾಗ್ನರ್ ಜೀವನದ ಬಗ್ಗೆ 1913ರಲ್ಲಿ ಬಂದ ಜರ್ಮನ್ ಮೂಕಿ ಚಿತ್ರ ನೋಡಿದೆ. ಸದ್ದೇ ಇಲ್ಲದ ಕಾಲದಲ್ಲಿ ಇಂಥ ಕತೆ ಯಾಕೆ ತೆಗೆದರು? ಅದಕ್ಕೆ ವಾಗ್ನರ್ ಸಂಗೀತ ಬಳಸಲೇ ಇಲ್ಲ ಅಂತಾರೆ, ನಿಜವಾ?
– ಒಬ್ಬ ಓದುಗರು, ಧಾರವಾಡ

ಉತ್ತರ: ನಿಜ. ನನಗೆ ಈ ಚಿತ್ರ ಇಷ್ಟವಾಗೋದೇ ಆ ಕಾರಣಕ್ಕೆ.

ಮೂಕಿ ಅಂದರೆ ಥಿಯೇಟರಿನಲ್ಲಿ ಮೌನ ಅಂತಲ್ಲ. ಪರದೆಯ ಪಕ್ಕದಲ್ಲೇ ಪಿಯಾನೋ ನುಡಿಸುತ್ತಿದ್ದರು, ದೊಡ್ಡ ಊರುಗಳಲ್ಲಿ ಇಡೀ ವಾದ್ಯಮೇಳವೇ ಇರುತ್ತಿತ್ತು. ವಾಗ್ನರ್ ಹುಟ್ಟಿದ್ದು 1813ರಲ್ಲಿ, ಲೈಪ್‌ಜಿಗ್‌ನಲ್ಲಿ. ನೂರು ವರ್ಷ ತುಂಬಿತು ಅಂತ ನಿರ್ಮಾಪಕ ಆಸ್ಕರ್ ಮೆಸ್ಟರ್ ಈ ಚಿತ್ರಕ್ಕೆ ಕೈ ಹಾಕಿದರು. ಆದರೆ ಸಂಗೀತ ಬಳಸೋಕೆ ವಾಗ್ನರ್ ಮನೆಯವರು ಕೇಳಿದ ಹಣ ತುಂಬಾ ಜಾಸ್ತಿಯಾಯಿತು. ಆಗ ಜರ್ಮನಿಯಲ್ಲಿ ಕೃತಿಯ ಹಕ್ಕು ಕರ್ತೃ ತೀರಿಕೊಂಡ ಮೇಲೆ 30 ವರ್ಷ ಇರುತ್ತಿತ್ತು. ವಾಗ್ನರ್ ತೀರಿಕೊಂಡಿದ್ದು 1883ರಲ್ಲಿ, ಲೆಕ್ಕ ಹಾಕಿ ನೋಡಿ, 1913 ಮುಗಿದಿದ್ದರೆ ಸಾಕಿತ್ತು, ಒಂದು ಪೈಸೆ ಕೊಡದೆ ನುಡಿಸಬಹುದಿತ್ತು! ಆದರೆ ಶತಮಾನೋತ್ಸವ ಅಲ್ಲಿವರೆಗೆ ಕಾಯೋದಿಲ್ಲವಲ್ಲ.

ಆಗ ಕೈ ಹಿಡಿದವರು ಜುಸೆಪ್ಪೆ ಬೆಚ್ಚೆ. ಇಟಲಿಯವರು, ಮುಖ ವಾಗ್ನರ್‌ನನ್ನು ಹೋಲುತ್ತಿತ್ತು, ಹಾಗಾಗಿ ಆ ಪಾತ್ರವೂ ಅವರದೇ. ಅವರು ಸ್ವತಃ ಸಂಗೀತಗಾರರು. ಮೊಝಾರ್ಟ್, ಬೀಥೋವನ್‌ರಂಥ ಹಳಬರಿಂದ ಒಂದಿಷ್ಟು ತೆಗೆದುಕೊಂಡು, ಉಳಿದದ್ದನ್ನು ವಾಗ್ನರ್ ಧಾಟಿಯಲ್ಲಿ ತಾವೇ ಕಟ್ಟಿದರು. ಪರದೆ ಮೇಲೆ ವಾಗ್ನರ್ ವೇಷದಲ್ಲಿ ಇರೋದೂ ಅವರೇ, ಕೆಳಗೆ ವಾದ್ಯದವರು ನುಡಿಸೋದೂ ಅವರ ರಚನೆಯೇ. ಎಂಥ ಕೆಲಸ ಅಲ್ವಾ?

ಚಿತ್ರದ ಬಗ್ಗೆ ಹೇಳೋದಾದರೆ, ಕ್ಯಾಮೆರಾ ಹೆಚ್ಚು ಅಲುಗಾಡುವುದಿಲ್ಲ, ನಾಟಕ ನೋಡಿದ ಹಾಗೆ ಇರುತ್ತದೆ. ಆದರೆ 1849ರ ಡ್ರೆಸ್ಡೆನ್ ದಂಗೆಯ ನಂತರ ಊರು ಬಿಟ್ಟು ಓಡಿಹೋದ, ಸಾಲದಲ್ಲಿ ಮುಳುಗಿದ್ದ ಮನುಷ್ಯನನ್ನು 1864ರಲ್ಲಿ ಬವೇರಿಯಾದ ಹದಿನೆಂಟು ವರ್ಷದ ರಾಜ ಎರಡನೇ ಲುಡ್ವಿಗ್ ಕರೆಸಿಕೊಂಡನಲ್ಲ, ಆ ಕತೆಯೇ ಸಿನಿಮಾಕ್ಕೆ ಹೇಳಿ ಮಾಡಿಸಿದಂತಿದೆ.

ಬೆಚ್ಚೆ ಅಲ್ಲಿಗೆ ನಿಲ್ಲಲಿಲ್ಲ. 1919ರಿಂದ ಮೂಕಿ ಚಿತ್ರಗಳಿಗೆ ನುಡಿಸುವವರಿಗಾಗಿ ಬಿರುಗಾಳಿಗೆ, ದುಃಖಕ್ಕೆ, ಬೆನ್ನಟ್ಟುವ ದೃಶ್ಯಕ್ಕೆ ಹೀಗೆ ಸಂದರ್ಭಕ್ಕೆ ತಕ್ಕ ಸ್ವರಪುಸ್ತಕಗಳನ್ನು ತಂದರು.

ನೀವು ನೋಡಿದ ಪ್ರತಿಯಲ್ಲಿ ಯಾರ ಸಂಗೀತ ಇದೆ ಅಂತ ಒಮ್ಮೆ ಗಮನಿಸಿ. ಹಳೆಯ ಚಿತ್ರಗಳಿಗೆ ಎಷ್ಟೋ ಸಲ ಆಮೇಲೆ ಬೇರೆ ಸಂಗೀತ ಸೇರಿಸಿರುತ್ತಾರೆ. ಬೆಚ್ಚೆಯವರದೇ ಆಗಿದ್ದರೆ, ಕಣ್ಣು ಮುಚ್ಚಿ ಹತ್ತು ನಿಮಿಷ ಸುಮ್ನೆ ಕೇಳಿ.