ಬ್ರಾಂದಿ ಸೀಸೆಯ ಪಕ್ಕದಲ್ಲಿ ನಿಂತ ವೈದ್ಯರು

ಪ್ರಶ್ನೆ: ಬಳ್ಳಾರಿಯ ಕಂಟೋನ್ಮೆಂಟ್ ಭಾಗದಲ್ಲಿರುವ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ ತಾತನವರ ಟ್ರಂಕಿನಲ್ಲಿ 1930ರ ದಶಕದ ಕೆಲವು ಇಂಗ್ಲಿಷ್ ವಾರಪತ್ರಿಕೆಗಳು ಸಿಕ್ಕವು. ಒಂದರಲ್ಲಿ ಗಿನ್ನೆಸ್ ಎಂಬ ಕಪ್ಪು ಬಿಯರ್ ಮೈಗೆ ಒಳ್ಳೆಯದೆಂದು ಬರೆದಿದೆ. ಇನ್ನೊಂದರಲ್ಲಿ ಬ್ರಾಂದಿ ಸೀಸೆಯ ಪಕ್ಕದಲ್ಲಿ ವೈದ್ಯರೊಬ್ಬರ ಚಿತ್ರವಿದೆ. ಅದನ್ನು ನೋಡಿದ ನಮ್ಮ ತಾಯಿ, ‘ನನ್ನ ಬಾಣಂತನದಲ್ಲೂ ಥಂಡಿ ಆಗಬಾರದೆಂದು ದಿನಾ ಎರಡು ಚಮಚ ಬ್ರಾಂದಿ ಕೊಡುತ್ತಿದ್ದರು’ ಎಂದರು. ಮುಂದಿನ ತಿಂಗಳು ನನ್ನ ತಂಗಿಗೆ ಹೆರಿಗೆ. ಇಂಥ ಜಾಹೀರಾತುಗಳಲ್ಲಿ ಸ್ವಲ್ಪವಾದರೂ ಸತ್ಯವಿತ್ತೆ?
– ಓದುಗರು, ಬಳ್ಳಾರಿ

ಉತ್ತರ: ಸ್ವಲ್ಪ ಸತ್ಯವಿತ್ತು, ಅದರಿಂದಲೇ ಅವು ಅಷ್ಟು ಕಾಲ ಬಾಳಿದವು. ಕುಡಿದವರಿಗೆ ಮೈ ಬೆಚ್ಚಗಾದಂತೆ, ಹಸಿವು ಹೆಚ್ಚಿದಂತೆ, ಬೇಗ ನಿದ್ದೆ ಹತ್ತಿದಂತೆ ಅನ್ನಿಸುವುದು ಸುಳ್ಳಲ್ಲ. ಆ ಅನಿಸಿಕೆಗೆ ‘ಗುಣ’ ಎಂಬ ಹೆಸರಿಟ್ಟು ಮಾರಿದ್ದೇ ಜಾಹೀರಾತು ಮಾಡಿದ ಕೆಲಸ. ನೀವು ಹೇಳಿದ ಗಿನ್ನೆಸ್ ಕಂಪನಿ ತನ್ನ ಪ್ರಚಾರವನ್ನು ಬ್ರಿಟನ್ನಿನ ಪತ್ರಿಕೆಗಳಲ್ಲಿ ಆರಂಭಿಸಿದ್ದು 1929ರಲ್ಲಿ. ಶಕ್ತಿ, ನರ, ಜೀರ್ಣ, ದಣಿವು, ನಿದ್ರಾಹೀನತೆ ಎಂದು ಒಂದೊಂದಕ್ಕೂ ಬಿಯರನ್ನೇ ಮದ್ದಾಗಿ ತೋರಿಸಿದ ಆ ಬರಹಕ್ಕೆ ವೈದ್ಯರ ಅಭಿಪ್ರಾಯದ ಬೆಂಬಲವಿದೆಯೆಂದೂ ಹೇಳಿಕೊಂಡಿತ್ತು. ಐರ್ಲೆಂಡಿನಲ್ಲಿ ರಕ್ತದಾನ ಮಾಡಿದವರಿಗೂ ಬಾಣಂತಿಯರಿಗೂ ಅದನ್ನು ಕೊಡುವ ರೂಢಿ ಮುಂದೆ ಬಹುಕಾಲ ಇತ್ತು, ಏಕೆಂದರೆ ಅದರ ಕಪ್ಪು ಬಣ್ಣವನ್ನು ಕಂಡ ಜನ ಅದರಲ್ಲಿ ಕಬ್ಬಿಣದ ಅಂಶ ತುಂಬಿದೆಯೆಂದು ನಂಬಿದ್ದರು. ಆದರೆ ಕಪ್ಪು ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಒಂದು ಪಿಂಟ್, ಎಂದರೆ 568 ಮಿಲಿಲೀಟರ್ ಬಿಯರಿನಲ್ಲಿರುವ ಕಬ್ಬಿಣ ಸುಮಾರು 0.3 ಮಿಲಿಗ್ರಾಂ ಮಾತ್ರ. ನಮ್ಮ ಕಡೆಯ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಇರುತ್ತದೆ. ಅದು ಪೂರ್ತಿ ಮೈಗೆ ಹತ್ತದಿದ್ದರೂ, ಸಜ್ಜೆ ರೊಟ್ಟಿಯೊಂದಿಗೆ ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿ ತಿನ್ನುವ ಬಾಣಂತಿಯನ್ನು ಸರಿಗಟ್ಟಬೇಕಾದರೆ ಬಿಯರ್ ಕುಡಿಯುವವಳು ಎಷ್ಟು ಸೀಸೆ ಬರಿದು ಮಾಡಬೇಕಾದೀತೆಂಬ ಲೆಕ್ಕವನ್ನು ನಿಮಗೇ ಬಿಡುತ್ತೇನೆ.

ಥಂಡಿಯ ಮಾತಿಗೆ ಬರೋಣ. ಮದ್ಯಸಾರವು ಚರ್ಮದ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ರಕ್ತ ಮೇಲ್ಮೈಗೆ ಬರುವುದರಿಂದ ಮುಖ ಕೆಂಪಾಗಿ, ಮೈ ಬೆಚ್ಚಗಾದಂತೆ ಅನ್ನಿಸುತ್ತದೆ. ಆದರೆ ಹಾಗೆ ಹೊರಗೆ ಬಂದ ಬಿಸಿ ಚರ್ಮದ ಮೂಲಕ ಗಾಳಿಗೆ ಹೋಗುತ್ತದೆಯಾದ್ದರಿಂದ ದೇಹದ ಒಳಗಿನ ಉಷ್ಣತೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ನಿದ್ದೆಯ ವಿಷಯವೂ ಹೀಗೆಯೇ: ಬೇಗ ಕಣ್ಣು ಮುಚ್ಚುತ್ತದೆ, ರಾತ್ರಿಯ ಎರಡನೆಯ ಅರ್ಧದಲ್ಲಿ ಮತ್ತೆ ಮತ್ತೆ ಎಚ್ಚರವಾಗುತ್ತದೆ. ಕೂಸಿನೊಂದಿಗೆ ಮಲಗುವ ತಾಯಿಗೆ ಇದು ಬೇರೆಯೇ ಅಪಾಯ, ಏಕೆಂದರೆ ಮದ್ಯದ ಮಂಪರಿನಲ್ಲಿ ಪಕ್ಕದಲ್ಲಿರುವ ಮಗುವಿನ ಮೇಲೆ ಹೊರಳಿದರೂ ಗೊತ್ತಾಗಲಿಕ್ಕಿಲ್ಲ.

ಬಿಯರ್ ಕುಡಿದರೆ ಬಾಣಂತಿಗೆ ಎದೆಹಾಲು ಹೆಚ್ಚುತ್ತದೆಂಬ ಮಾತೂ ಉಂಟು, ಆ ಹೇಳಿಕೆಯಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಬಾರ್ಲಿಯಲ್ಲಿರುವ ಒಂದು ಬಗೆಯ ಪಿಷ್ಟಸದೃಶ ನಾರು ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಸ್ವಲ್ಪ ಹೆಚ್ಚಿಸಬಲ್ಲದು. ಆದರೆ ಅದು ಬಾರ್ಲಿಯ ಗುಣ, ಬಿಯರಿನ ಗುಣವಲ್ಲ. ಮದ್ಯಸಾರ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ: ಎದೆಯಿಂದ ಹಾಲು ಇಳಿಯಲು ಬೇಕಾದ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ತಾಯಿಯ ರಕ್ತದಲ್ಲಿ ಎಷ್ಟು ಪ್ರಮಾಣದಲ್ಲಿ ಮದ್ಯಸಾರವಿದೆಯೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಹಾಲಿನಲ್ಲಿಯೂ ಇರುತ್ತದೆ, ಮತ್ತು ಎಳೆಗೂಸಿನ ಯಕೃತ್ತಿಗೆ ಅದನ್ನು ಬೇಗ ಕರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ನಿಮ್ಮ ತಂಗಿಗೆ ಎರಡು ಚಮಚವೂ ಬೇಡ. ಹೊದಿಕೆ, ಬಿಸಿನೀರಿನ ಸ್ನಾನ, ಬಿಸಿ ಊಟ, ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆ ಸಾಕು. ತಾಯಿಯವರ ಮೇಲೆ ಸಿಟ್ಟಾಗಬೇಡಿ; ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ರಾಬರ್ಟ್ ಬೆಂಟ್ಲಿ ಟಾಡ್ ಅವರಂಥ ಹೆಸರಾಂತ ವೈದ್ಯರೇ ಜ್ವರದ ರೋಗಿಗಳಿಗೆ ಹೊತ್ತುಹೊತ್ತಿಗೆ ಬ್ರಾಂದಿ ಕುಡಿಸುತ್ತಿದ್ದರು. ಅಮೆರಿಕದ ಅಧಿಕೃತ ಔಷಧಕೋಶದಿಂದ ವಿಸ್ಕಿ ಮತ್ತು ಬ್ರಾಂದಿಗಳನ್ನು ಕೈಬಿಟ್ಟದ್ದು 1916ರಲ್ಲಿ. ಔಷಧಕೋಶದಿಂದ ಹೋದ ವಸ್ತು ಅಡುಗೆಮನೆಯ ಕಪಾಟಿನಿಂದ ಹೋಗಲು ಇನ್ನೂ ಒಂದೆರಡು ತಲೆಮಾರು ಬೇಕಾಗುತ್ತದೆ.

ನಮ್ಮ ಊರಿನ ಮಟ್ಟಿಗೆ ಇದಕ್ಕೆ ಇನ್ನೊಂದು ಕಾರಣವೂ ಇದ್ದೀತೆಂದು ನನಗೆ ತೋರುತ್ತದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಅಲ್ಲಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭವಾದ ಪಾನನಿರೋಧ 1948ರ ಹೊತ್ತಿಗೆ ಇಡೀ ಪ್ರಾಂತಕ್ಕೆ ಹರಡಿತ್ತು. ಮದ್ಯದಂಗಡಿ ಮುಚ್ಚಿದ ಊರಿನಲ್ಲಿ ಬ್ರಾಂದಿಗೆ ಮರ್ಯಾದೆಯ ಹೆಸರೆಂದರೆ ‘ಔಷಧಿ’ ಎಂಬುದೊಂದೇ ಉಳಿದಿತ್ತು.

ವೈದ್ಯರ ಚಿತ್ರ ಹಾಕಿ ಮದ್ಯವನ್ನು ಮದ್ದೆಂದು ಮಾರುವುದರ ಬಗ್ಗೆ ಒಂದು ಮಾತು. ಇದರಲ್ಲಿ ಎಲ್ಲರನ್ನೂ ಮೀರಿಸಿದ್ದು ಅಮೆರಿಕದ ರಾಚೆಸ್ಟರ್ ನಗರದ ಡಫ್ಫೀಸ್ ಮಾಲ್ಟ್ ವಿಸ್ಕಿ. ಕ್ಷಯ, ಮಲೇರಿಯಾ, ಅಜೀರ್ಣ ಎಲ್ಲಕ್ಕೂ ಇದೇ ಮದ್ದೆಂದು ಸಾರುತ್ತಿದ್ದ ಆ ಕಂಪನಿ, ನೂರು ದಾಟಿದ ವೃದ್ಧರ ಚಿತ್ರ ಹಾಕಿ ಅವರ ಆಯಸ್ಸಿಗೂ ತನ್ನ ವಿಸ್ಕಿಯೇ ಕಾರಣವೆಂದು ಅವರ ಬಾಯಿಂದಲೇ ಹೇಳಿಸುತ್ತಿತ್ತು. 1898ರಲ್ಲಿ ಸ್ಪೇನಿನೊಂದಿಗೆ ಯುದ್ಧ ನಡೆದಾಗ ಅಮೆರಿಕ ಸರ್ಕಾರ ಪೇಟೆಂಟ್ ಔಷಧಿಗಳ ಮೇಲೆ ವಿಶೇಷ ತೆರಿಗೆ ವಿಧಿಸಿತು. ಈ ವಿಸ್ಕಿಗೂ ಆ ತೆರಿಗೆ ಬಿತ್ತು. ಬೇರೆ ಯಾರಾದರೂ ಗೊಣಗುತ್ತಿದ್ದರು. ಡಫ್ಫೀಸ್ ಕಂಪನಿಯವರು ಮಾತ್ರ, ‘ಸರ್ಕಾರವೇ ಔಷಧಿಯೆಂದು ಒಪ್ಪಿಕೊಂಡ ಏಕೈಕ ವಿಸ್ಕಿ’ ಎಂಬ ಅರ್ಥದ ಜಾಹೀರಾತು ಕೊಟ್ಟು, ಕಟ್ಟಿದ ತೆರಿಗೆಯನ್ನೇ ಪ್ರಮಾಣಪತ್ರವಾಗಿ ಮಾಡಿಕೊಂಡರು.

ಪ್ರಶ್ನೆ: ಹಾಗಾದರೆ ಗ್ರೈಪ್ ವಾಟರ್ ಮತ್ತು ದ್ರಾಕ್ಷಾರಿಷ್ಟ? ಇವುಗಳಲ್ಲೂ ಮದ್ಯಸಾರವಿದೆ ಎನ್ನುತ್ತಾರೆ.
– ಓದುಗರು, ಗಂಗಾವತಿ

ಉತ್ತರ: ಗ್ರೈಪ್ ವಾಟರಿನಲ್ಲಿ ಇತ್ತು. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಸಿದ್ಧಪಡಿಸಿದ ಗ್ರೈಪ್ ವಾಟರಿನಲ್ಲಿ ಸಬ್ಬಸಿಗೆ ಎಣ್ಣೆ, ಅಡುಗೆ ಸೋಡಾ, ಸಕ್ಕರೆಯ ಜೊತೆಗೆ ಶೇಕಡಾ 3.6ರಷ್ಟು ಮದ್ಯಸಾರವೂ ಇತ್ತು. ಅಳುವ ಕೂಸು ಅದನ್ನು ಕುಡಿದು ಸುಮ್ಮನಾದರೆ ಹೊಟ್ಟೆನೋವು ಹೋಯಿತೆಂದು ತಾಯಂದಿರು ನಂಬುತ್ತಿದ್ದರು. ಅದರಲ್ಲಿ ಸಬ್ಬಸಿಗೆಯ ಪಾಲೆಷ್ಟು, ಮದ್ಯಸಾರದ ಪಾಲೆಷ್ಟು ಎಂದು ಯಾರು ಕೇಳುತ್ತಿದ್ದರು? ಬ್ರಿಟನ್ನಿನಲ್ಲಿ 1992ರಲ್ಲಿ ಮದ್ಯಸಾರವನ್ನು ತೆಗೆಯಲಾಯಿತು. ಇಂದು ಅಂಗಡಿಯಲ್ಲಿ ಕೊಳ್ಳುವಾಗ ಚೀಟಿಯನ್ನು ಓದಿ. ಆರು ತಿಂಗಳೊಳಗಿನ ಮಗುವಿಗಂತೂ ತಾಯಿಯ ಹಾಲಲ್ಲದೆ ಏನನ್ನು ಕೊಡುವ ಮೊದಲೂ ಮಕ್ಕಳ ವೈದ್ಯರನ್ನು ಕೇಳಿ.

ದ್ರಾಕ್ಷಾರಿಷ್ಟದ ರೀತಿ ಬೇರೆ. ಆಸವ ಮತ್ತು ಅರಿಷ್ಟಗಳಿಗೆ ಮದ್ಯಸಾರವನ್ನು ಹೊರಗಿನಿಂದ ಬೆರೆಸುವುದಿಲ್ಲ. ಬೆಲ್ಲ ಮತ್ತು ಧಾತಕಿ ಹೂವಿನೊಂದಿಗೆ ಕಷಾಯವನ್ನು ಮುಚ್ಚಿಟ್ಟಾಗ ಹುದುಗಿ, ಸಾಮಾನ್ಯವಾಗಿ ಶೇಕಡಾ 5ರಿಂದ 10ರಷ್ಟು ತಾನಾಗಿಯೇ ಉಂಟಾಗುತ್ತದೆ. ಎರಡು ಚಮಚದ ಪ್ರಮಾಣದಲ್ಲಿ ದೊಡ್ಡವರಿಗೆ ಅದು ಅಲ್ಪವೇ. ಆದರೆ ಬಸುರಿಯರು, ಬಾಣಂತಿಯರು, ಯಕೃತ್ತಿನ ತೊಂದರೆ ಇರುವವರು ಮತ್ತು ಕುಡಿತ ಬಿಡುವ ಚಿಕಿತ್ಸೆಯಲ್ಲಿರುವವರು ಆಯುರ್ವೇದ ವೈದ್ಯರಿಗೆ ತಮ್ಮ ಸ್ಥಿತಿಯನ್ನು ಹೇಳದೆ ಕುಡಿಯಬಾರದು.

ಪ್ರಶ್ನೆ: ಈಗ ಇಂಥ ಜಾಹೀರಾತು ಕೊಡಲು ಅವಕಾಶವಿದೆಯೆ? ನಮ್ಮ ಕಡೆ ಸೇಂದಿ ದೇಹಕ್ಕೆ ತಂಪು ಎನ್ನುತ್ತಾರಲ್ಲ, ಅದೂ ಇದೇ ಜಾತಿಯ ಮಾತೆ?
– ಓದುಗರು, ರಾಯಚೂರು

ಉತ್ತರ: ಅವಕಾಶವಿಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳು ಟಿವಿಯಲ್ಲಿ ಮದ್ಯದ ಪ್ರಚಾರವನ್ನು ನೇರವಾಗಿಯೂ ಮರೆಯಾಗಿಯೂ ತಡೆಯುತ್ತವೆ. ಆದರೂ ಮದ್ಯದ ಹೆಸರನ್ನೇ ಹೊತ್ತ ಸೋಡಾದ ಜಾಹೀರಾತನ್ನು ನೀವು ನೋಡಿರುತ್ತೀರಿ, ಅದರಲ್ಲಿ ಸೋಡಾ ಕುಡಿಯುವವರ ಉತ್ಸಾಹ ಸೋಡಾಕ್ಕೆ ತಕ್ಕದ್ದಾಗಿರುವುದಿಲ್ಲ. 2018ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಮದ್ಯದ ಸೀಸೆಯ ಚೀಟಿಯಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂಬ ಯಾವ ಹೇಳಿಕೆಯೂ ಇರುವಂತಿಲ್ಲ.

ಸೇಂದಿಗೆ ಜಾಹೀರಾತು ಬೇಕಾಗಲಿಲ್ಲ, ಬಾಯಿಮಾತೇ ಸಾಕಾಯಿತು. ನಸುಕಿನಲ್ಲಿ ಇಳಿಸಿದ ಸಿಹಿ ರಸ ತಂಪೆನ್ನಿಸುವುದು ನಿಜ, ಆದರೆ ಕೆಲವೇ ಗಂಟೆಗಳಲ್ಲಿ ಅದು ಹುದುಗತೊಡಗುತ್ತದೆ; ಮಧ್ಯಾಹ್ನದ ಬಿಸಿಲಿನಲ್ಲಿ ಕುಡಿಯುವವರ ಗಡಿಗೆಯಲ್ಲಿ ಇರುವುದು ಬೆಳಗಿನ ರಸವಲ್ಲ, ಮದ್ಯ. ಮದ್ಯವು ಮೂತ್ರ ಹೆಚ್ಚಿಸಿ ಮೈಯ ನೀರನ್ನು ಹೊರಗೆ ಹಾಕುತ್ತದೆಯಾದ್ದರಿಂದ ರಾಯಚೂರಿನ ಏಪ್ರಿಲ್-ಮೇ ಬಿಸಿಲಿಗೆ ಅದು ತಂಪಲ್ಲ. ಅದಕ್ಕಿಂತ ಭಯಪಡಬೇಕಾದದ್ದು ಕಲಬೆರಕೆಗೆ. ಸೇಂದಿಗೆ ಬೆರೆಸುವ, ‘ಸಿಎಚ್ ಪುಡಿ’ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ನಿದ್ದೆಯ ಮದ್ದು. ಮದ್ಯದೊಂದಿಗೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲದು. ಇಂಥ ಸೇಂದಿಯನ್ನು ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಭ್ರಮೆ, ಫಿಟ್ಸ್ ಬರುವುದುಂಟು. ಅಂಥವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಲು ನೋಡದೆ, ಬಿಡುವ ಮೊದಲೇ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ.