ಮೂತ್ರಕೋಶದ ಬಯಾಪ್ಸಿಯಲ್ಲಿ ಎಂಡೊಮೆಟ್ರಿಯೋಸಿಸ್: ಈಸ್ಟ್ರೋಜೆನ್ ಮಾತ್ರೆ ಮುಂದುವರಿಸಬಹುದೇ?

ಮೂತ್ರದಲ್ಲಿ ರಕ್ತ ಹೋಗಿ ಮಾಡಿಸಿದ ಬಯಾಪ್ಸಿಯಲ್ಲಿ ಎಂಡೊಮೆಟ್ರಿಯೋಸಿಸ್ ಎಂದು ಬಂದಿದೆ, ಗರ್ಭಕೋಶ ತೆಗೆಸಿ ವರ್ಷಗಳಾದ ಮೇಲೂ ಅದರ ಒಳಪದರದಂಥ ಈ ಅಂಗಾಂಶ ಮೂತ್ರಕೋಶದ ಗೋಡೆಯಲ್ಲಿ ಹೇಗೆ ಬಂತು ಎಂದು ಕೇಳಿದ್ದೀರಿ. ಬಹುಶಃ ಅದು ಮೊದಲಿನಿಂದಲೂ ಅಲ್ಲೇ ಸುಮ್ಮನಿತ್ತು. ನೀವು ತೆಗೆದುಕೊಳ್ಳುತ್ತಿರುವ ಈಸ್ಟ್ರೋಜೆನ್ ಹಾರ್ಮೋನಿನ ಮಾತ್ರೆ ಅದನ್ನು ಎಬ್ಬಿಸಿರಬೇಕು. ಅಪರೂಪದ ಸಂಗತಿ, ಆದರೆ ಇದು ಕ್ಯಾನ್ಸರ್ ಅಲ್ಲ. ನನ್ನ ವರದಿಯಲ್ಲೂ ಎಂಡೊಮೆಟ್ರಿಯೋಸಿಸ್ ಎಂದೇ ಇತ್ತು, ಎರಡು ರಾತ್ರಿ ಸುಮ್ಮನೆ ನಿದ್ದೆಗೆಟ್ಟೆ.

ಮೊದಲು ಮೂತ್ರಪಿಂಡಗಳ ಅಲ್ಟ್ರಾಸೌಂಡ್ ಮಾಡಿಸಿ. ಇದನ್ನು ಮುಂದೂಡಬೇಡಿ: ಇದೇ ಅಂಗಾಂಶ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳವನ್ನೂ ಒತ್ತುತ್ತಿದ್ದರೆ, ನೋವೇ ಇಲ್ಲದೆ ಮೂತ್ರಪಿಂಡ ಊದಿಕೊಂಡು ಹಾಳಾಗಬಹುದು. ಆಮೇಲೆ ಬಯಾಪ್ಸಿ ವರದಿಯನ್ನೂ ಔಷಧಿ ಚೀಟಿಯನ್ನೂ ಒಟ್ಟಿಗೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಮೂತ್ರರೋಗ ತಜ್ಞರ ಬಳಿಯಷ್ಟೇ ಹೋದರೆ ಹಾರ್ಮೋನಿನ ಮಾತು ಏಳದೇ ಹೋಗಬಹುದು, ನನಗೆ ಆದದ್ದು ಹಾಗೆಯೇ. ಗರ್ಭಕೋಶವಿಲ್ಲದವರಿಗೆ ಸಾಮಾನ್ಯವಾಗಿ ಬರಿಯ ಈಸ್ಟ್ರೋಜೆನ್ ಕೊಡುತ್ತಾರೆ. ಎಂಡೊಮೆಟ್ರಿಯೋಸಿಸ್ ಉಳಿದಿರುವಾಗ ಪ್ರೊಜೆಸ್ಟೋಜೆನ್ (ಈ ಅಂಗಾಂಶದ ಮೇಲೆ ಈಸ್ಟ್ರೋಜೆನ್ ಪ್ರಭಾವ ತಗ್ಗಿಸುವ ಹಾರ್ಮೋನ್) ಸೇರಿಸಬೇಕೇ, ಟಿಬೋಲೋನ್‌ಗೆ (ಇನ್ನೊಂದು ಬಗೆಯ ಹಾರ್ಮೋನ್ ಮಾತ್ರೆ) ಬದಲಿಸಬೇಕೇ ಅಥವಾ ಮಾತ್ರೆಯನ್ನೇ ನಿಲ್ಲಿಸಬೇಕೇ ಎಂದು ನೇರವಾಗಿ ಕೇಳಿ.

ಮೂತ್ರದಲ್ಲಿ ರಕ್ತ ಹೋದದ್ದು ಈ ಅಂಗಾಂಶದಿಂದಲೇ ಎಂದು ನಾನು ಖಚಿತವಾಗಿ ಹೇಳಲಾರೆ. ಸೋಂಕು, ಕಲ್ಲು ಇಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಮೂತ್ರದಲ್ಲಿ ರಕ್ತದ ಹೆಪ್ಪು ಕಂಡರೆ, ಮೂತ್ರ ಕಟ್ಟಿದರೆ ಅಥವಾ ಜ್ವರದೊಂದಿಗೆ ಪಕ್ಕೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.