ಓದುಗರ ಪ್ರಶ್ನೆ: ಬೀಗದ ಕೈ ಯಾರ ಹತ್ತಿರ ಇರಬೇಕು?

ಪ್ರಶ್ನೆ: ಅಕ್ಕ, ನನಗೆ 47 ವರ್ಷ. ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ 11 ವರ್ಷದಿಂದ ಇದ್ದೇನೆ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತೇವೆ, ಈಗ 34 ಮಕ್ಕಳು ಬರುತ್ತಾರೆ. ಬಾಗಿಲು ತೆರೆಯುವುದು, ಕಸ ಗುಡಿಸುವುದು, ಪಾಠ ಹೇಳುವುದು, ಮಂಡಕ್ಕಿ ಹಂಚುವುದು ಎಲ್ಲಾ ನಾನೇ. ಈಗಿನ ಅಧ್ಯಕ್ಷೆ ವಯಸ್ಸಾಯಿತು ಅಂತ ಬಿಡುತ್ತಿದ್ದಾರೆ, ಎಲ್ಲರೂ ನನ್ನನ್ನೇ ಅಧ್ಯಕ್ಷೆ ಆಗು ಅನ್ನುತ್ತಿದ್ದಾರೆ. ನಮ್ಮ ಯಜಮಾನರು ಮಾತ್ರ, ‘ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಹೊತ್ತು ಕೊಟ್ಟಿದ್ದು ಸಾಲದಾ, ಇನ್ನು ಕಾಗದ, ಕಚೇರಿ ಅಂತ ಅಲೆಯಬೇಕಾ’ ಎನ್ನುತ್ತಾರೆ. ನನಗೂ ಲೆಕ್ಕಪತ್ರ ಅಂದರೆ ಭಯ. ಒಪ್ಪಿಕೊಳ್ಳಲಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ಒಪ್ಪಿಕೊಳ್ಳಿ. ಆದರೆ ಅದಕ್ಕೂ ಮುಂಚೆ ಆ ಕೋಣೆಯ ಬೀಗದ ಕೈ ಇನ್ನೊಬ್ಬರಿಗೆ ಕೊಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಎಲ್ಲಾ ನಾನೇ’ ಎನ್ನುವ ಮಾತು. ನಾನೂ ಹಾಗೇ ಇದ್ದವಳು. ನಮ್ಮ ಊರಲ್ಲೂ ಇಂಥದ್ದೇ ಸಂಜೆ ಪಾಠ ಇತ್ತು, ದೇವಸ್ಥಾನದ ಹಿಂದಿನ ಒಂದು ಕೋಣೆಯಲ್ಲಿ. ಬೀಗದ ಕೈ ನನ್ನ ಸೊಂಟದಲ್ಲಿ, ಇನ್ನೊಂದು ಕೈ ನನ್ನ ಬೀರುವಿನಲ್ಲಿ. ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಪುಣೆಗೆ ಹೋದೆ. ವಾಪಸ್ ಬಂದು ಬಾಗಿಲು ತೆರೆದರೆ, ಕಪ್ಪು ಹಲಗೆಯ ಮೇಲೆ ನಾನು ಹೊರಟ ಹಿಂದಿನ ದಿನದ ತಾರೀಕು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ಅರ್ಧ ಬಿಡಿಸಿದ ಭಾಗಾಕಾರ, ಉಳಿದದ್ದನ್ನು ನಾಳೆ ಮಾಡೋಣ ಅಂತ ಮಕ್ಕಳಿಗೆ ಹೇಳಿ ಬಿಟ್ಟದ್ದು. ಮೂರು ತಿಂಗಳು ಒಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ. ಜೊತೆಯವರನ್ನು ಬೈಯಬೇಕು ಅಂದುಕೊಂಡೆ, ಆಗಲಿಲ್ಲ. ಅವರ ಕೈಗೆ ಒಂದು ದಿನವಾದರೂ ಸೀಮೆಸುಣ್ಣ ಕೊಟ್ಟಿದ್ದೆನಾ ನಾನು? ಬಿಟ್ಟುಹೋದ ಮಕ್ಕಳಲ್ಲಿ ಐದು ಜನ ಮತ್ತೆ ಬರಲೇ ಇಲ್ಲ, ಅವರ ಅಪ್ಪ ಅಮ್ಮ ಬೇರೆ ಊರಿನ ಕೆಲಸಕ್ಕೆ ಹೊರಟುಹೋಗಿದ್ದರು. ಅದು ಇವತ್ತಿಗೂ ನೋಯುತ್ತದೆ.

ಹಾಗಾಗಿ ಹೇಳುತ್ತಿದ್ದೇನೆ. ಕೈಯಾರೆ ಮಾಡುವುದು ಒಂದು ಕೆಲಸ, ಅಧ್ಯಕ್ಷೆಯಾಗುವುದು ಬೇರೆಯೇ ಕೆಲಸ. ನೀವು ಒಂದು ವಾರ ಜ್ವರ ಬಂದು ಮಲಗಿದರೂ ಪಾಠ ನಡೆಯಬೇಕು, ಆ ಏರ್ಪಾಡು ಮಾಡುವವರು ಅಧ್ಯಕ್ಷೆ. ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು ಅಂತ ಹಂಚಿಬಿಡಿ. ಮೊದಮೊದಲು ಅವರು ಸರಿಯಾಗಿ ಮಾಡುವುದಿಲ್ಲ, ಗುಡಿಸಿದ ಕಡೆ ಕಸ ಹಾಗೇ ಇರುತ್ತದೆ, ಮಗ್ಗಿ ತಪ್ಪು ಹೇಳಿಕೊಡುತ್ತಾರೆ, ನಿಮ್ಮ ಕೈ ತುರಿಸುತ್ತದೆ. ತಡೆದುಕೊಳ್ಳಿ. ಎಲ್ಲರ ಎದುರು ತಿದ್ದಬೇಡಿ, ಆಮೇಲೆ ಟೀ ಕುಡಿಯುವಾಗ ಹೇಳಿ.

ಆರ್. ಕಲ್ಯಾಣಮ್ಮ ಅವರ ಹೆಸರು ಕೇಳಿದ್ದೀರಾ? ಬಾಲವಿಧವೆ. ಆ ಕಾಲದಲ್ಲಿ ಅಂಥವರು ಅಡುಗೆಮನೆ ದಾಟಿ ಬರುವುದೇ ಕಷ್ಟ. ಅವರು 1921ರಲ್ಲಿ ‘ಸರಸ್ವತಿ’ ಅಂತ ಪತ್ರಿಕೆ ಶುರುಮಾಡಿ ದಶಕಗಳ ಕಾಲ ನಡೆಸಿದರು, 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟ ಅಂತ ಮಕ್ಕಳ ಸಂಘ ಕಟ್ಟಿದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಚಾಮರಾಜಪೇಟೆಯಲ್ಲಿ ಇವತ್ತಿಗೂ ಬಸ್ಸು ಹತ್ತಿ ‘ಮಕ್ಕಳ ಕೂಟ’ ಅಂತ ಟಿಕೆಟ್ ಕೇಳಬಹುದು, ಸ್ಟಾಪಿನ ಹೆಸರೇ ಅದು. ಕೇಳುವ ಎಷ್ಟು ಜನಕ್ಕೆ ಕಲ್ಯಾಣಮ್ಮ ಯಾರೆಂದು ಗೊತ್ತೋ, ಆದರೆ ಅವರು ಇಟ್ಟ ಹೆಸರು ದಿನಾ ಜನರ ಬಾಯಲ್ಲಿದೆ. ಪುಣೆಯಿಂದ ಬಂದ ಮೇಲೆ ನನಗೆ ಅವರ ನೆನಪು ತುಂಬಾ ಆಯಿತು.

ಇನ್ನು ಲೆಕ್ಕದ ಭಯ. ನೀವು ಮನೆಯ ಹಾಲಿನ ಲೆಕ್ಕ, ಚೀಟಿ ಲೆಕ್ಕ ಬರೆದವರು ಅಲ್ವಾ? ಇದೂ ಅಷ್ಟೇ, ಕಾಗದ ಮಾತ್ರ ಸ್ವಲ್ಪ ಜಾಸ್ತಿ. ಮೊದಲು ನಿಮ್ಮ ಸಂಘದ ನೋಂದಣಿ ಪತ್ರ ಮತ್ತು ಬೈಲಾ, ಅಂದರೆ ಸಂಘದ ನಿಯಮಾವಳಿ, ಹುಡುಕಿ ತೆಗೆಸಿ. ನಮ್ಮಲ್ಲಿ ಸಂಘಗಳು ಸಾಮಾನ್ಯವಾಗಿ ನೋಂದಣಿಯಾಗುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ, ಅದಕ್ಕೆ ಕನಿಷ್ಠ 7 ಜನ ಸದಸ್ಯರು ಬೇಕು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆಯಬೇಕು, ಲೆಕ್ಕ ಆಡಿಟ್ ಆಗಬೇಕು, ಆ ಲೆಕ್ಕ ಮತ್ತು ಕಾರ್ಯಕಾರಿ ಸಮಿತಿಯವರ ಪಟ್ಟಿಯನ್ನು ನೋಂದಣಾಧಿಕಾರಿ ಕಚೇರಿಗೆ ಕೊಡಬೇಕು. ಎಷ್ಟೋ ಸಂಘಗಳಲ್ಲಿ ಹಳೆ ಅಧ್ಯಕ್ಷರು ಇದನ್ನು ವರ್ಷಗಟ್ಟಲೆ ಬಿಟ್ಟಿರುತ್ತಾರೆ, ಕೆಟ್ಟ ಉದ್ದೇಶದಿಂದಲ್ಲ, ಸುಮ್ನೆ ಉದಾಸೀನದಿಂದ. ಆಮೇಲೆ ಬಂದವರು ದಂಡ ಕಟ್ಟಿಕೊಂಡು ಓಡಾಡಬೇಕಾಗುತ್ತದೆ. ಆದ್ದರಿಂದ ಹೂವಿನ ಹಾರ ಹಾಕಿಸಿಕೊಳ್ಳುವ ಮುಂಚೆಯೇ ಹಿಂದಿನ ಮೂರು ನಾಲ್ಕು ವರ್ಷದ ಕಾಗದ ಕೇಳಿ ನೋಡಿ. ಈಗಿನ ಅಧ್ಯಕ್ಷೆಗೆ ಬೇಜಾರಾಗಬಹುದು ಅನ್ನುವ ಸಂಕೋಚ ಬೇಡ. ‘ಅಮ್ಮ, ನನಗೆ ಗೊತ್ತಿಲ್ಲ, ನೀವೇ ಕೂರಿಸಿಕೊಂಡು ತೋರಿಸಿ’ ಅಂತ ಕೇಳಿ, ಖುಷಿಯಿಂದ ತೋರಿಸುತ್ತಾರೆ.

ಬ್ಯಾಂಕ್ ಖಾತೆ ಸಂಘದ ಹೆಸರಲ್ಲಿರಲಿ, ಚೆಕ್ಕಿಗೆ ಇಬ್ಬರ ಸಹಿ ಇರಲಿ. ಯಾರಾದರೂ 50 ರೂಪಾಯಿ ಕೊಟ್ಟರೂ ರಸೀದಿ ಹರಿದು ಕೊಡಿ. ಮಂಡಕ್ಕಿ ತಂದರೆ ಚೀಟಿ ಇಸಿದುಕೊಳ್ಳಿ, ಅಂಗಡಿಯವನ ಹತ್ತಿರ ಚೀಟಿ ಇಲ್ಲದಿದ್ದರೆ ನೀವೇ ಓಚರ್ ಬರೆದು ಸಹಿ ಮಾಡಿ. ಸಭೆಯ ನಡಾವಳಿಯನ್ನು ಅದೇ ದಿನ, ಎಲ್ಲರೂ ಎದ್ದು ಹೋಗುವ ಮುಂಚೆ ಬರೆದು ಮುಗಿಸಿ. ‘ನಾಳೆ ಬರೆಯುತ್ತೇನೆ’ ಎಂದ ನಡಾವಳಿ ಯಾವತ್ತೂ ಬರೆದಾಗುವುದಿಲ್ಲ. ನಿಮ್ಮ ಕೈಯಿಂದ ಹಾಕಿದ ದುಡ್ಡೂ ಪುಸ್ತಕದಲ್ಲಿರಬೇಕು. ದಾನ ಅಂತ ಕೊಟ್ಟಿದ್ದಾದರೆ ದಾನ, ಸಾಲ ಅಂತ ಕೊಟ್ಟಿದ್ದಾದರೆ ಸಾಲ. ಹೆಂಗಸರು ಇದನ್ನು ಬರೆಯಲು ನಾಚಿಕೊಳ್ಳುತ್ತಾರೆ. ಆಮೇಲೆ ಹತ್ತು ವರ್ಷದ ನಂತರ ಯಾರೋ ಒಬ್ಬರು ‘ಸಂಘದ ದುಡ್ಡು ಏನಾಯ್ತು’ ಅಂತ ಕೇಳಿದಾಗ, ಕೊಟ್ಟವಳೇ ಕಣ್ಣೀರು ಹಾಕಬೇಕಾಗುತ್ತದೆ. ನಾನು ಅಂಥವರನ್ನು ನೋಡಿದ್ದೇನೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 34 ಮಕ್ಕಳು ನಿಮ್ಮನ್ನು ನಂಬಿ ಬರುತ್ತಾರೆ. ಯಾವ ಹೊತ್ತಿನಲ್ಲೂ ಆ ಕೋಣೆಯಲ್ಲಿ ದೊಡ್ಡವರು ಇಬ್ಬರು ಇರಲಿ, ಒಬ್ಬರೇ ಬೇಡ. ಎಷ್ಟೇ ಒಳ್ಳೆಯವರಾಗಿರಲಿ, ಎಷ್ಟೇ ಪರಿಚಯದವರಾಗಿರಲಿ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಗೋಡೆಯ ಮೇಲೆ ಬರೆಸಿ. ಮಗುವಿಗೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಸಂಘದ ಮರ್ಯಾದೆ ಹೋಗುತ್ತದೆ ಅಂತ ಒಳಗೊಳಗೇ ಮುಚ್ಚಿಡುವ ಹಾಗಿಲ್ಲ. ಇದನ್ನು ಮೊದಲ ಸಭೆಯಲ್ಲೇ ಎಲ್ಲರಿಗೂ ಓದಿ ಹೇಳಿ.

ಯಜಮಾನರ ವಿಷಯ. ಅವರ ಮಾತು ಪೂರ್ತಿ ತಪ್ಪಲ್ಲ, 11 ವರ್ಷ ನೀವು ಎಷ್ಟು ಹೊತ್ತು ಕೊಟ್ಟಿರಿ ಅಂತ ಅವರು ಲೆಕ್ಕ ಇಟ್ಟಿದ್ದಾರೆ. ವಾದ ಮಾಡಬೇಡಿ. ಒಂದು ಸಂಜೆ ಕರೆದುಕೊಂಡು ಹೋಗಿ ಕೂರಿಸಿ, ನಾಲ್ಕು ಮಕ್ಕಳಿಗೆ ಅವರೇ ಕೂಡುವ ಲೆಕ್ಕ ಹೇಳಿಕೊಡಲಿ. ಹಾಗೆಯೇ ವಾರದಲ್ಲಿ ಎರಡು ಸಂಜೆ ನೀವು ಸಂಘದ ಕಡೆ ತಲೆ ಹಾಕುವುದಿಲ್ಲ ಅಂತ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಬೀಗದ ಕೈ ಬೇರೆಯವರ ಹತ್ತಿರ ಇದ್ದರೆ ಅದು ಸಾಧ್ಯ.

ಪ್ರಶ್ನೆ: ನಮ್ಮ ಅಕ್ಕ ಅಮೆರಿಕದಲ್ಲಿದ್ದಾರೆ. ನಾನು ಕಾರ್ಯದರ್ಶಿಯಾಗಿರುವ ಸಂಘಕ್ಕೆ ವರ್ಷಕ್ಕೆ 500 ಡಾಲರ್ ಕಳಿಸುತ್ತೇನೆ ಅನ್ನುತ್ತಾರೆ. ತೆಗೆದುಕೊಳ್ಳಬಹುದಾ?
– ಕಾರ್ಯದರ್ಶಿ, ಶಿರಸಿ

ಉತ್ತರ: ಮೊದಲು ಅಕ್ಕನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಇನ್ನೂ ಭಾರತದ್ದೇ ಆಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಂತ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ ಅದು ವಿದೇಶಿ ದೇಣಿಗೆಯೇ. ಆಗ ನಿಮ್ಮ ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಕೇಂದ್ರ ಗೃಹ ಇಲಾಖೆಯ ಪೂರ್ವಾನುಮತಿ ಬೇಕು. ಆ ದುಡ್ಡು ಮೊದಲು ಬರಬೇಕಾದದ್ದೂ ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಗೆ. ಸಣ್ಣ ಸಂಘಕ್ಕೆ ಇದು ದೊಡ್ಡ ಹೊರೆ. ‘ನನ್ನ ಖಾತೆಗೆ ಹಾಕಿಸಿಕೊಂಡು ಸಂಘಕ್ಕೆ ಕೊಟ್ಟರಾಯಿತು’ ಅನ್ನುವ ಅಡ್ಡದಾರಿ ಮಾತ್ರ ಹಿಡಿಯಬೇಡಿ, ಸಂಘಕ್ಕೂ ನಿಮಗೂ ತೊಂದರೆ. ಅಕ್ಕ ರಜೆಗೆ ಬಂದಾಗ ಹದಿನೈದು ದಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾರಾ ಕೇಳಿ ನೋಡಿ. ದುಡ್ಡಿನ ವಿಚಾರಕ್ಕೆ ನಿಮ್ಮ ಆಡಿಟರನ್ನು ಒಂದು ಸಲ ಕಂಡು, ಅವರು ಹೇಳಿದ್ದನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.